ದಾಸನ ಧೈರ್ಯ

ಕುಮಟೆಯಿಂದ ಹೊನ್ನಾವರಕ್ಕೆ, ಹೊನ್ನಾವರದಿಂದ ಭಟ್ಕಳಕ್ಕೆ ಇಂದು ಪಯಣಿಸುವವನಿಗೆ ಮಾರ್ಗಾಯಾಸವೆಂಬುದು ಅಷ್ಟಾಗಿ ಇಲ್ಲ. ಹೆದ್ದಾರಿಯುಂಟು, ರೈಲುಂಟು, ಶರಾವತಿಯ ವಿಶಾಲವಾದ ಅಳಿವೆಯನ್ನು ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟಿಬಿಡಬಹುದು. ಸುಮಾರು ಮುನ್ನೂರ ನಲವತ್ತು ವರ್ಷಗಳ ಹಿಂದೆ ಇದೇ ಕರಾವಳಿಯಲ್ಲಿ ಹೊಳೆ ಬಂದಲ್ಲಿ ದೋಣಿ, ನೆಲ ಬಂದಲ್ಲಿ ಕಾಲು. ಬಡವನಿಗೆ ಬೇರೆ ವಾಹನವಿರಲಿಲ್ಲ. ಆ ಕಾಲದಲ್ಲಿ ಬರಿಗಾಲಿನಲ್ಲಿ ಈ ಸೀಮೆಯನ್ನು ಸುತ್ತಿದ ಪಾದ್ರಿಯೊಬ್ಬರ ಜೀವನವನ್ನು ವಾಚಕರೊಡನೆ ಇಂದು ನೆನೆಯಬೇಕೆಂದಿದ್ದೇನೆ. ಅವರ ಹೆಸರು ಜೋಸೆಫ್ ವಾಜ್.

ಗೋವೆಯ ಬಾಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಅವರು ಜನಿಸಿದರು; 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ಸಾಂಕವಾಳದಲ್ಲಿ ಅವರೊಂದು ಪತ್ರವನ್ನು ಬರೆದರು. ತಾನು ಮರಿಯಮ್ಮನವರಿಗೆ ಯಾವಜ್ಜೀವವೂ ದಾಸನೆಂದು ಸ್ವಹಸ್ತದಿಂದ ಬರೆದುಕೊಟ್ಟ ದಾಸ್ಯಪತ್ರವದು. ಮನುಷ್ಯನನ್ನು ಮನುಷ್ಯನು ಸಂತೆಯಲ್ಲಿ ಕೊಂಡು ಮಾರುತ್ತಿದ್ದ ಯುಗದಲ್ಲಿ, ದಾಸನೆಂಬ ಮಾತಿಗೆ ಎಷ್ಟು ಕಠೋರವಾದ ಅರ್ಥವಿತ್ತೆಂಬುದನ್ನು ನಾವು ಮರೆಯಬಾರದು. ತರುಣನೊಬ್ಬನು ತಾನಾಗಿ ಆ ಪದವನ್ನು ಆರಿಸಿಕೊಂಡುದೇಕೆ?

ಕನ್ನಡಿಗರಿಗೆ ಈ ಪ್ರಶ್ನೆ ತೀರ ಅಪರಿಚಿತವಲ್ಲ. ಪುರಂದರರೂ ಕನಕರೂ ತಮ್ಮ ಹೆಸರಿನೊಡನೆ 'ದಾಸ'ನೆಂಬ ಪದವನ್ನು ಬಿರುದಿನಂತೆ ಧರಿಸಿದ ನಾಡು ಇದು. ಒಬ್ಬನಿಗೆ ಸಂಪೂರ್ಣವಾಗಿ ದಾಸನಾದವನು ಮತ್ತಾರಿಗೂ ದಾಸನಾಗಬೇಕಾಗಿಲ್ಲ. ಮಾನಕ್ಕೆ, ಮೆಚ್ಚಿಕೆಗೆ, ಪ್ರಾಣಭಯಕ್ಕೆ ಕೂಡ ಅವನು ಕೈಮುಗಿಯಬೇಕಾಗಿಲ್ಲ. ವಾಜರ ಪತ್ರದ ಗುಟ್ಟೂ ಇದೇ ಎಂದು ನನಗೆ ತೋರುತ್ತದೆ. ಆದರೆ ಪತ್ರ ಬರೆಯುವುದು ಸುಲಭ. ಬರೆದುದು ದಿಟವೇ ಎಂದು ಪರೀಕ್ಷಿಸುವುದು ಬದುಕು. ಆ ಪರೀಕ್ಷೆ ಅವರಿಗೆ ಮೂರು ಬಗೆಯಾಗಿ ಬಂದಿತು.

ಮೊದಲನೆಯದು, ಬಯಸಿದುದು ದೊರೆಯದ ಪರೀಕ್ಷೆ. ಅವರ ಮನಸ್ಸು ಇದ್ದುದು ಸಿಂಹಳದಲ್ಲಿ. ಅಲ್ಲಿ ಡಚ್ಚರು ಕೆಥೋಲಿಕ ಪಾದ್ರಿಗಳನ್ನು ಹೊರಗಟ್ಟಿದ್ದರು. ಜನ ಗುರುವಿಲ್ಲದೆ ಉಳಿದಿದ್ದರು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾ ಸೀಮೆಗೆ. ಬೇಡದ ಊರಿಗೆ ವರ್ಗವಾದ ನೌಕರನ ಮನಃಸ್ಥಿತಿ ನಮ್ಮಲ್ಲಿ ಅನೇಕರಿಗೆ ಗೊತ್ತು: ದಿನಗಳನ್ನು ಎಣಿಸುತ್ತ, ಕೆಲಸವನ್ನು ಕಾಟಾಚಾರಕ್ಕೆ ಮಾಡುತ್ತ, ಕನಸಿನ ಊರನ್ನೇ ನೆನೆಯುವುದು. ವಾಜರು ಹಾಗೆ ಮಾಡಲಿಲ್ಲ. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಇಗರ್ಜಿಗಳನ್ನೆಬ್ಬಿಸಿದರು. ಚಿಕ್ಕ ಚಿಕ್ಕ ಶಾಲೆಗಳನ್ನು ತೆರೆದರು. ಊರವರೇ ಕೂಡಿ ಪ್ರಾರ್ಥಿಸುವ, ಒಬ್ಬರಿಗೊಬ್ಬರು ನೆರವಾಗುವ ಸಂಘಗಳನ್ನು ಕಟ್ಟಿದರು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು.

ಎರಡನೆಯದು, ಸ್ವಜನರ ಕಲಹದ ಪರೀಕ್ಷೆ. ಪೋರ್ಚುಗಲ್ಲಿನ ದೊರೆಯ ಹಕ್ಕಿಗೆ ಸೇರಿದ ಗೋವೆಯ ಧರ್ಮಪ್ರಾಂತವೊಂದು ಕಡೆ, ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೋ ಇನ್ನೊಂದು ಕಡೆ. ಕೆನರಾದ ಕ್ರೈಸ್ತರು ಯಾರ ಮಾತನ್ನು ಕೇಳಬೇಕೆಂಬುದೇ ವಿವಾದ. ಹೊರಗಿನ ವೈರವನ್ನು ಎದುರಿಸುವಾಗ ಮನುಷ್ಯನಲ್ಲಿ ಒಂದು ಹುರುಪು ಇರುತ್ತದೆ. ಮನೆಯ ಜಗಳ ಆ ಹುರುಪನ್ನೇ ತಿಂದುಬಿಡುತ್ತದೆ. ಗೋವೆಯ ಪರವಾಗಿ ಬಂದಿದ್ದರೂ ವಾಜರು ಬಿಷಪ್ಪರನ್ನು ಗೌರವದಿಂದಲೇ ಕಂಡು, ಸಂಧಾನಕ್ಕಾಗಿ ಶ್ರಮಿಸಿದರು. ತನ್ನ ಪಕ್ಷವೇ ಗೆಲ್ಲಬೇಕೆಂಬ ಹಟ ದಾಸನಿಗೆ ಎಲ್ಲಿಂದ ಬರಬೇಕು?

ಮೂರನೆಯದು ಸೆರೆಮನೆ. 1684ರಲ್ಲಿ ಗೋವೆಗೆ ಮರಳಿದ ಅವರು, 1686ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟು, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳವನ್ನು ಸೇರಿದರು. 1692ರಲ್ಲಿ ಕ್ಯಾಂಡಿಯನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿರಿಸಲಾಯಿತು. ಅಲ್ಲಿ ಅವರು ಮಾಡಿದ ಕೆಲಸವೇನು? ಸಿಂಹಳ ಭಾಷೆಯನ್ನು ಕಲಿತರು! 1697ರಲ್ಲಿ ಆ ನಗರದಲ್ಲಿ ಸಿಡುಬು ಹರಡಿ, ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡತೊಡಗಿದಾಗ, ವಾಜರು ಜಾತಿಮತ ನೋಡದೆ ಅವರ ಶುಶ್ರೂಷೆಗೆ ನಿಂತರು. ಕ್ರೈಸ್ತರೇ ಆದ ಡಚ್ಚರು ಬೇಟೆಯಾಡುತ್ತಿದ್ದ ಈ ಪಾದ್ರಿಗೆ ಕಡೆಗೆ ನೆರಳಾದವನು ಕ್ಯಾಂಡಿಯ ಬೌದ್ಧ ಅರಸು. 1711ರ ಜನವರಿ 16ರಂದು ಅವರು ಅಲ್ಲಿಯೇ ಕಣ್ಮುಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ಇಲ್ಲಿ ವಿಚಾರವಂತನಾದ ವಾಚಕನು ಆಕ್ಷೇಪಿಸಬಹುದು: 'ಸಂತರ ಮಾತು ಬೇರೆ, ಸಂಸಾರಿಗಳಾದ ನಮ್ಮಂಥವರಿಗೆ ಈ ಬಲ ಎಲ್ಲಿಂದ ಬಂದೀತು?' ಇದಕ್ಕೆ ಉತ್ತರವನ್ನು ವಾಜರ ಚರಿತ್ರೆಯಲ್ಲಿ ಅಲ್ಲ, ಅವರು ನಡೆದಾಡಿದ ಸೀಮೆಯ ಚರಿತ್ರೆಯಲ್ಲಿ ಹುಡುಕಬೇಕು. ಅವರು ತೀರಿಕೊಂಡು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾದ ಸಹಸ್ರಾರು ಕ್ರೈಸ್ತರು ಮನೆಮಠ ತೊರೆದು ಶ್ರೀರಂಗಪಟ್ಟಣದ ಸೆರೆಗೆ ನಡೆಯಬೇಕಾಯಿತು. ಇಗರ್ಜಿಗಳು ನೆಲಸಮವಾದವು. ಹದಿನೈದು ವರ್ಷಗಳಲ್ಲಿ ಮಡಿದವರೆಷ್ಟೋ! 1799ರ ತರುವಾಯ ಉಳಿದವರು ಮರಳಿ ಬಂದರು. ಬಿದ್ದ ಗೋಡೆಗಳನ್ನು ಮತ್ತೆ ಎತ್ತಿದರು. ಅವರಲ್ಲಿ ಬಹುಮಂದಿ ಸಂತರಾಗಿರಲಿಲ್ಲ. ಬೇಸಾಯಗಾರರು, ತಾಯಂದಿರು, ಮಕ್ಕಳು. ಇಗರ್ಜಿಯಿಲ್ಲದ ನಾಡಿನಲ್ಲಿ ಅವರು ಒಯ್ಯಬಹುದಾಗಿದ್ದುದು ಬಾಯಿಪಾಠದ ಪ್ರಾರ್ಥನೆಗಳನ್ನು, ಮತ್ತು ಪಕ್ಕದವನ ಹೆಗಲನ್ನು. ಊರವರೇ ಕೂಡಿ ಪ್ರಾರ್ಥಿಸುವ ರೂಢಿ ಎಷ್ಟು ದೂರದೃಷ್ಟಿಯದೆಂದು ಇದರಿಂದ ತಿಳಿಯುತ್ತದೆ. ಕಲ್ಲಿನ ಗುಡಿಯನ್ನು ಕೆಡವಬಹುದು. ಸಂಜೆ ದೀಪ ಹಚ್ಚಿದೊಡನೆ ತಾನಾಗಿ ತುಟಿಗೆ ಬರುವ ಮಾತನ್ನು ಕೆಡವುವುದು ಹೇಗೆ?

ಶ್ರದ್ಧೆಯಿದ್ದವನಿಗೆ ಕಷ್ಟ ಬರುವುದಿಲ್ಲವೆಂದು ಯಾರೂ ಭ್ರಮಿಸಬಾರದು. ವಾಜರಿಗೂ ರೋಗ ಬಂದಿತು, ಸಂಶಯ ಬಂದಿತು, ಸಂಕೋಲೆ ಬಂದಿತು. ಶ್ರದ್ಧೆ ಅವನ್ನು ತಡೆಯಲಿಲ್ಲ. 'ಈಗ ಇಲ್ಲಿ ನಾನು ಮಾಡಬೇಕಾದ ಸೇವೆಯೇನು?' ಎಂದು ಕೇಳುವ ಬಿಡುವನ್ನು ಮಾತ್ರ ಕೊಟ್ಟಿತು. ಭಯದಲ್ಲಿರುವವನು ತನ್ನನ್ನೇ ನೋಡಿಕೊಳ್ಳುತ್ತಾನೆ. ಆ ನೋಟ ಅನ್ಯರತ್ತ ಹೊರಳಿದ ಗಳಿಗೆಯಲ್ಲಿ ಭಯದ ಹಿಡಿತ ಸಡಿಲುತ್ತದೆ. ಅಂತರಂಗದ ಬಲವೆಂದರೆ ಬಹುಶಃ ಇಷ್ಟೆ. ಅದು ಆಪತ್ತಿನ ದಿನ ಹಠಾತ್ತನೆ ಉಕ್ಕುವ ಊಟೆಯಲ್ಲ. ಸುಖದ ದಿನಗಳಲ್ಲಿ, ಯಾರೂ ಕಾಣದಂತೆ, ಹನಿಹನಿಯಾಗಿ ತುಂಬಿಟ್ಟುಕೊಂಡ ನೀರು. ನಮ್ಮ ನಮ್ಮ ಮನೆಗಳಲ್ಲಿ, ನಮ್ಮ ನಮ್ಮ ದೇವರ ಮುಂದೆ, ಆ ಕೊಡಕ್ಕೆ ಈ ಹೊತ್ತು ಒಂದು ಹನಿ ಬಿದ್ದಿತೇ ಎಂದು ಕೇಳಿಕೊಳ್ಳುವುದು ಒಳಿತು.