ಮಿತಿ ಕಾರಿಗೋ, ಆಸೆಗೋ?

2016ರ ಮಾರ್ಚ್‌ನಲ್ಲಿ ಜಿನೀವಾದ ವಾಹನ ಪ್ರದರ್ಶನದಲ್ಲಿ ಜರ್ಮನಿಯ ಪೋರ್ಷೆ ಸಂಸ್ಥೆ ‘911 ಆರ್’ ಎಂಬ ಸ್ಪೋರ್ಟ್ಸ್ ಕಾರನ್ನು ಅನಾವರಣಗೊಳಿಸಿತು. ತಯಾರಾಗುವುದು 991 ಕಾರುಗಳು ಮಾತ್ರ ಎಂದು ಆಗಲೇ ಸಾರಲಾಯಿತು. ಹಗುರವಾದ ಮೈ, 500 ಅಶ್ವಶಕ್ತಿಯ ಎಂಜಿನ್, ಕೈಯಿಂದಲೇ ಗೇರು ಬದಲಿಸುವ ಹಳೆಯ ಕ್ರಮ. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 1,84,900 ಡಾಲರ್. ಅದೇ ಸಂಸ್ಥೆಯ ಇನ್ನೂ ದುಬಾರಿಯಾದ 918 ಸ್ಪೈಡರ್ ಕಾರಿನ ಒಡೆಯರಿಗೆ ಮೊದಲ ಅವಕಾಶ ದೊರೆಯಿತು. ಉಳಿದ ಅನೇಕರು ಇನ್ನೊಬ್ಬರ ಕೈಯಿಂದ ಕೊಳ್ಳಬೇಕಾಯಿತು. ಕೆಲವೇ ತಿಂಗಳುಗಳಲ್ಲಿ ಮೂಲ ಬೆಲೆಯ ಹಲವು ಪಟ್ಟು ಕೇಳುವವರು ಕಾಣಿಸಿಕೊಂಡರು, ಕೊಡುವವರೂ ಕಾಣಿಸಿಕೊಂಡರು.

ಈ ಹೆಚ್ಚುವರಿ ಹಣ ಹುಟ್ಟುವ ಬಗೆ ಕುತೂಹಲಕರವಾದುದು. ಅಮೆರಿಕದಲ್ಲಿ ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೂ ತಯಾರಕರು ಸೂಚಿಸಿದ ಬೆಲೆಯ ಚೀಟಿ ಇರಬೇಕೆಂಬ ಕಾನೂನು 1958ರಲ್ಲಿ ಬಂತು. ಅದನ್ನು ತಂದ ಸೆನೆಟರ್ ಮನ್ರೋನಿಯವರ ಹೆಸರಿನಿಂದಲೇ ಆ ಚೀಟಿ ಇಂದಿಗೂ ಪ್ರಸಿದ್ಧ. ಆದರೆ ಅದು ಸೂಚಿತ ಬೆಲೆಯೇ ಹೊರತು ಕಡ್ಡಾಯದ ಬೆಲೆಯಲ್ಲ. ಡೀಲರ್ ಸ್ವತಂತ್ರ ವ್ಯಾಪಾರಿ. ಕಾರಿಗೆ ಗಿರಾಕಿ ಇಲ್ಲದಾಗ ಕಡಿಮೆಗೆ ಬಿಡುತ್ತಾನೆ, ಗಿರಾಕಿಗಳು ಮುಗಿಬಿದ್ದಾಗ ಹೆಚ್ಚು ಕೇಳುತ್ತಾನೆ. ಅಪರೂಪದ ಕಾರು ಮಳಿಗೆಗೆ ಬಂದಾಗ ಮೊದಲ ಚೀಟಿಯ ಪಕ್ಕದಲ್ಲಿ ‘ಮಾರುಕಟ್ಟೆ ಹೊಂದಾಣಿಕೆ’ ಎಂಬ ಎರಡನೆಯ ಚೀಟಿಯೂ ಅಂಟಿಕೊಳ್ಳುತ್ತದೆ. ಆ ಎರಡನೆಯ ಮೊತ್ತಕ್ಕೆ ಪ್ರತಿಯಾಗಿ ಕಾರಿನಲ್ಲಿ ಒಂದು ತಿರುಪೂ ಹೆಚ್ಚಿಗೆ ಸೇರುವುದಿಲ್ಲ. ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದ ನಮ್ಮ ದೇಶದ ಹಿರಿಯರಿಗೂ ಇದು ತೀರ ಅಪರಿಚಿತವಲ್ಲ. ಸರದಿಯಲ್ಲಿ ಬಂದ ವಾಹನವನ್ನು ಕೂಡಲೇ ಹೆಚ್ಚಿನ ಬೆಲೆಗೆ ದಾಟಿಸಿದವರು ಆಗಲೂ ಇದ್ದರು. ಅಂದಿನ ಕೊರತೆ ಪರವಾನಗಿಯ ಕಟ್ಟುಪಾಡಿನಿಂದ ಬಂದದ್ದು. ಸೀಮಿತ ಸಂಖ್ಯೆಯ ಕಾರಿನ ಕೊರತೆಯಾದರೋ ಬೇಕೆಂದೇ ನಿರ್ಮಿಸಿದ್ದು.

ಕೊಳ್ಳುವವನ ಸಮಾಧಾನ ಒಂದೇ: ಇದು ವೆಚ್ಚವಲ್ಲ, ಹೂಡಿಕೆ. ಇಂದು ಮೇಲೆ ಕೊಟ್ಟದ್ದು ನಾಳೆ ಮಾರುವಾಗ ಮರಳಿ ಬರುತ್ತದೆ, ಬೆಳೆದೂ ಬರುತ್ತದೆ. ಈ ತರ್ಕ ಪೂರ್ತಿ ಸುಳ್ಳೆನ್ನಲಾಗದು, ಬಂದವರಿದ್ದಾರೆ. ಆದುದರಿಂದಲೇ ಅದು ಅಪಾಯಕಾರಿ. ಆಸೆಯನ್ನು ಆಸೆಯೆಂದು ಒಪ್ಪಿಕೊಂಡವನು ಎಂದಾದರೊಂದು ದಿನ ಅದನ್ನು ಆಲೋಚನೆಗೆ ಒಡ್ಡಿಯಾನು. ಆಸೆಯನ್ನು ಜಾಣತನವೆಂದು ತಿಳಿದವನಿಗೆ ಆ ಪ್ರಸಂಗವೇ ಒದಗದು.

ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹಕ್ಕೆ ಕೊಡುವ ಲಕ್ಷಣ ಮೂರ್ಛೆ. ವಸ್ತು ಮನೆಯಲ್ಲಿರುವುದು ಅಷ್ಟಾಗಿ ಮುಖ್ಯವಲ್ಲ, ಅದರ ಕುರಿತು ‘ನನ್ನದು’ ಎಂಬ ಮಂಪರು ಮನಸ್ಸನ್ನು ಆವರಿಸುವುದೇ ಪರಿಗ್ರಹ. ಮೂಲಾಚಾರವು ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಯಾನವೂ, ಅಂದರೆ ವಾಹನವೂ ಸೇರಿದೆ. ಒಳಗಿನವು ಹದಿನಾಲ್ಕು: ಮಿಥ್ಯಾತ್ವ, ಕ್ರೋಧಾದಿ ನಾಲ್ಕು ಕಷಾಯಗಳು, ಹಾಸ್ಯ, ರತಿ, ಶೋಕ, ಭಯ ಮುಂತಾದವು. ಈ ವಿಭಾಗವನ್ನು ಎದುರಿಗಿಟ್ಟುಕೊಂಡು ಆ ಎರಡು ಚೀಟಿಗಳನ್ನು ಮತ್ತೊಮ್ಮೆ ಓದಬಹುದು. ಮೊದಲ ಚೀಟಿಯ ಹಣಕ್ಕೆ ಕಬ್ಬಿಣ, ರಬ್ಬರು, ಎಂಜಿನ್ ಸಿಗುತ್ತವೆ. ಅದು ಬಾಹ್ಯ ಪರಿಗ್ರಹ. ಎರಡನೆಯ ಚೀಟಿಯ ಹಣಕ್ಕೆ ಸಿಗುವುದೆಲ್ಲ ಒಳಗಿನದೇ. ಇನ್ನೊಬ್ಬನಿಗೆ ಸಿಗದ್ದು ತನಗೆ ಸಿಕ್ಕಿತೆಂಬ ಮಾನ, ಸಿಗದೆ ಹೋದೀತೆಂಬ ಭಯ, ಮುಂದೆ ಬೆಲೆ ಏರಲೆಂಬ ಲೋಭ.

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ಶ್ರಾವಕನ ಅಣುವ್ರತವನ್ನು ರತ್ನಕರಂಡಕ ಶ್ರಾವಕಾಚಾರವು ಪರಿಮಿತ ಪರಿಗ್ರಹವೆಂದು ಕರೆಯುತ್ತದೆ. ಅಲ್ಲಿ ಮಿತಿ ಬೀಳುವುದು ಇಚ್ಛೆಯ ಮೇಲೆ. ಸೀಮಿತ ಸಂಖ್ಯೆಯ ಕಾರಿನಲ್ಲಿ ಮಿತಿ ಬಿದ್ದಿರುವುದು ವಸ್ತುವಿನ ಮೇಲೆ, ಅದೂ ಇಚ್ಛೆಯನ್ನು ಮಿತಿಮೀರಿ ಬೆಳೆಸುವ ಸಲುವಾಗಿ. ಪದ ಒಂದೇ, ದಿಕ್ಕು ಮಾತ್ರ ತಿರುಗಿದೆ.

ಅದೇ ಗ್ರಂಥದಲ್ಲಿ ಸಮಂತಭದ್ರ ಆಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೂ ಕೊನೆಯದೂ ಎತ್ತು ಕುದುರೆಗಳ ಕಾಲದ ಮಾತು; ಪ್ರಾಣಿಗಳನ್ನು ಶಕ್ತಿಮೀರಿ ಓಡಿಸುವುದು, ಹೊರಲಾರದ ಭಾರ ಹೊರಿಸುವುದು. ಅತಿವಾಹನಕ್ಕೆ ಬೇಕಾದುದಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದು ಅರ್ಥ ಹೇಳಿದವರೂ ಇದ್ದಾರೆ. ಅತಿಸಂಗ್ರಹವೆಂದರೆ ಮುಂದೆ ವಿಶೇಷ ಲಾಭ ತಂದೀತೆಂದು ಧಾನ್ಯ ಮೊದಲಾದವನ್ನು ಕೂಡಿಹಾಕುವುದು. ಒಳ್ಳೆಯ ಲಾಭ ಬಂದ ಮೇಲೂ ಇನ್ನಷ್ಟಕ್ಕೆ ಕಾಯುವುದು ಲೋಭ. ಇವೆರಡೂ ಯಾವ ವ್ಯಾಪಾರಿಗೂ ತಿಳಿದ ಸಂಗತಿ. ನಿಂತು ನೋಡಬೇಕಾದುದು ನಡುವಿನ ವಿಸ್ಮಯವನ್ನು. ಬೆರಗುಪಡುವುದು ದೋಷವಾದೀತೆ ಎಂದು ಮೊದಲ ಓದಿಗೆ ಅನ್ನಿಸುತ್ತದೆ. ವ್ಯಾಖ್ಯಾನಕಾರ ಪ್ರಭಾಚಂದ್ರರು ಅದನ್ನು ಬಿಡಿಸುತ್ತಾರೆ: ತಾನು ಒಪ್ಪಿದ ಲಾಭಕ್ಕೆ ಸರಕನ್ನು ಮಾರಿದ ಮೇಲೆ, ಅಥವಾ ತಾನು ಸಂಗ್ರಹಿಸದೆಯೇ ಇದ್ದ ಸರಕಿನಿಂದ, ಇನ್ನೂ ಹೆಚ್ಚಿನ ಹಣ ಹುಟ್ಟಿದುದನ್ನು ಕಂಡು ಲೋಭದಿಂದ ವಿಷಾದಪಡುವುದೇ ಈ ವಿಸ್ಮಯ. ನಷ್ಟವೇನೂ ಆಗಿಲ್ಲ. ಕೈಗೆ ಲಾಭವೇ ಬಂದಿದೆ. ಆದರೂ ಎದೆ ಕಲಕುತ್ತದೆ.

911 ಆರ್‌ನ ಕಥೆ ಮುಂದುವರಿದದ್ದು ಈ ವಿಸ್ಮಯದ ದಾರಿಯಲ್ಲಿಯೇ. ಸೂಚಿತ ಬೆಲೆಗೆ ಕೊಂಡು ಬೇಗನೆ ಮಾರಿದವರು ಬೆಲೆ ಮತ್ತೂ ಏರಿದುದನ್ನು ಕಂಡರು. ಏರಿದ ಬೆಲೆಗೆ ಕೊಂಡವರ ಪಾಲಿಗೆ ಬೇರೊಂದು ಕಾದಿತ್ತು. 2017ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದೇ ಸಂಸ್ಥೆ ತನ್ನ 911 ಜಿಟಿ3 ಕಾರಿನ ‘ಟೂರಿಂಗ್’ ರೂಪವನ್ನು ತೋರಿಸಿತು. ಅದರಲ್ಲಿಯೂ ಅದೇ ಬಗೆಯ ದೊಡ್ಡ ಎಂಜಿನ್, ಕೈಯಿಂದ ಬದಲಿಸುವ ಗೇರು, ಹಿಂಭಾಗದಲ್ಲಿ ದೊಡ್ಡ ರೆಕ್ಕೆಯಿಲ್ಲದ ಸರಳ ನೋಟ. ಸಂಖ್ಯೆಯ ಮಿತಿ ಮಾತ್ರ ಇಲ್ಲ. ಆರ್‌ನ ಮಾರುಕಟ್ಟೆ ಬೆಲೆ ಕುಸಿಯಿತು. ಮೂಲ ಬೆಲೆಗಿಂತ ಅದು ಮೇಲೆಯೇ ಉಳಿಯಿತೆಂಬುದು ನಿಜ. ಆದರೆ ಉತ್ತುಂಗದಲ್ಲಿ ಕೊಂಡವನಿಗೆ ಅದರಿಂದೇನು? ಅವನ ಕಾರಿನ ಒಂದು ಭಾಗವೂ ಸವೆದಿರಲಿಲ್ಲ. ಎಲ್ಲೋ ದೂರದ ಊರಿನ ವೇದಿಕೆಯ ಮೇಲೆ ಮತ್ತೊಂದು ಕಾರು ಬಂದು ನಿಂತಿತು, ಅಷ್ಟೆ. ತನ್ನದೆಂದು ಭಾವಿಸಿದ್ದ ಮೌಲ್ಯ ಎಂದೂ ತನ್ನ ಕೈಯಲ್ಲಿರಲಿಲ್ಲವೆಂಬುದು ಆಗ ಗೋಚರವಾಯಿತು.

ಆ ಕಾರಿನೊಳಗೆ ಡ್ಯಾಶ್‌ಬೋರ್ಡಿನ ಪಟ್ಟಿಯ ಮೇಲೆ ಅದರ ಕ್ರಮಸಂಖ್ಯೆಯನ್ನು ನಮೂದಿಸಲಾಗಿದೆ. ಅದನ್ನು ಕಂಡಾಗ ಕನ್ನಡದ ಜೈನ ಓದುಗರಿಗೆ ನೆನಪಾಗಬೇಕಾದುದು ವೃಷಭಾಚಲ. ಪಂಪನ ಆದಿಪುರಾಣ ಬಲ್ಲವರಿಗೆಲ್ಲ ಆ ಸನ್ನಿವೇಶ ಗೊತ್ತು. ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ತನ್ನಂಥವನು ತಾನೊಬ್ಬನೇ ಎಂಬ ಹೆಮ್ಮೆಯಿಂದ ಆ ಬೆಟ್ಟದ ಮೇಲೆ ತನ್ನ ಪ್ರಶಸ್ತಿಯನ್ನು ಕೆತ್ತಿಸಲು ಹೋಗುತ್ತಾನೆ. ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಬರೆಯಲು ಎಡೆಯೇ ಇಲ್ಲ. ಗರ್ವ ಕರಗುತ್ತದೆ; ಆದರೂ ಒಬ್ಬನ ಹೆಸರನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಸುತ್ತಾನೆ. ಅಳಿಸುವ ಆ ಹೊತ್ತಿನಲ್ಲಿ ತನ್ನದೂ ಒಂದು ದಿನ ಹೀಗೆಯೇ ಅಳಿದೀತೆಂಬ ಅರಿವು ಚಕ್ರವರ್ತಿಯ ಬಳಿಯೇ ಸುಳಿದಿರಬೇಕು. 991ರಲ್ಲಿ ಒಂದು ಎಂಬ ಹೆಮ್ಮೆಗೆ ಅಷ್ಟು ದೀರ್ಘ ಕಾಲವೂ ಬೇಕಾಗಲಿಲ್ಲ, ಒಂದೂವರೆ ವರ್ಷ ಸಾಕಾಯಿತು.

ಇನ್ನೊಂದು ವಿಚಿತ್ರವೂ ಇಲ್ಲಿದೆ. ಒಂದೇ ಸಲ ಬಳಸಿ ಮುಗಿಯುವುದು ಭೋಗ, ಅನ್ನದ ಹಾಗೆ. ಮತ್ತೆ ಮತ್ತೆ ಬಳಸುವಂಥದು ಉಪಭೋಗ, ಬಟ್ಟೆಯ ಹಾಗೆ. ವಾಹನ ಸಹಜವಾಗಿ ಎರಡನೆಯ ಗುಂಪಿಗೆ ಸೇರಬೇಕು. ಆದರೆ ಹೂಡಿಕೆಯ ಕಾರು ಓಡುವಂತಿಲ್ಲ. ಓಡಿದ ಪ್ರತಿ ಕಿಲೋಮೀಟರೂ ಮರುಮಾರಾಟದ ಬೆಲೆಯನ್ನು ತಗ್ಗಿಸುತ್ತದೆ. ಆದುದರಿಂದ ಅದು ಹೊದಿಕೆಯ ಕೆಳಗೆ, ಹವೆ ನಿಯಂತ್ರಿಸಿದ ಕೋಣೆಯಲ್ಲಿ, ಆಸನಗಳ ಪ್ಲಾಸ್ಟಿಕ್ಕನ್ನೂ ತೆಗೆಯದೆ ನಿಂತಿರುತ್ತದೆ. ಮೇಲ್ನೋಟಕ್ಕೆ ಇದು ಸಂಯಮದಂತೆಯೇ ಕಾಣುತ್ತದೆ! ಭೋಗವಿಲ್ಲ, ಉಪಭೋಗವಿಲ್ಲ. ಉಳಿದಿರುವುದು ಮೂರ್ಛೆಯೊಂದೇ. ವಸ್ತುವಿನ ಸುಖವನ್ನು ಬಿಟ್ಟು ವಸ್ತುವಿನ ಬಂಧವನ್ನು ಮಾತ್ರ ಉಳಿಸಿಕೊಂಡ ಇಂಥ ಸ್ಥಿತಿ ಕಾರನ್ನು ಆನಂದದಿಂದ ಓಡಿಸುವವನ ರಾಗಕ್ಕಿಂತಲೂ ಶೋಚನೀಯವಾದುದು.

ಈ ಚಕ್ರವನ್ನು ತಡೆಯಲು ತಯಾರಕರೂ ಕಟ್ಟಳೆಗಳನ್ನು ತಂದಿದ್ದಾರೆ. ಫೋರ್ಡ್ ಸಂಸ್ಥೆ ತನ್ನ ಹೊಸ ಜಿಟಿ ಕಾರಿನ ಮೊದಲ 500ಕ್ಕೆ ಅರ್ಜಿ ಕರೆದಾಗ 6,500ಕ್ಕೂ ಹೆಚ್ಚು ಅರ್ಜಿಗಳು ಬಂದವು. ಎರಡು ವರ್ಷ ಮಾರಬಾರದೆಂಬ ಷರತ್ತನ್ನು ಮೀರಿದರೆಂದು ಕುಸ್ತಿಪಟು, ನಟ ಜಾನ್ ಸೀನಾ ಅವರ ಮೇಲೆ ಸಂಸ್ಥೆ 2017ರಲ್ಲಿ ದಾವೆ ಹೂಡಿತು. ಮರುವರ್ಷ ರಾಜಿಯಾಗಿ, ಬಂದ ಹಣ ಧರ್ಮಕಾರ್ಯಕ್ಕೆ ಹೋಯಿತು. 2023ರಲ್ಲಿ ಪೋರ್ಷೆ 1,963 ಸಂಖ್ಯೆಯ 911 ಎಸ್/ಟಿ ಹೊರತಂದಾಗ ಅಮೆರಿಕದ ಗ್ರಾಹಕರಿಗೆ ಮೊದಲ ಒಂದು ವರ್ಷ ಗುತ್ತಿಗೆಯ ಮೇಲೆ ಮಾತ್ರ ಕಾರು ಕೊಟ್ಟಿತು; ಒಡೆತನ ಅನಂತರವೇ. ಆದರೆ ಹೊರಗಿನಿಂದ ಹೇರಿದ ಷರತ್ತು ಎಷ್ಟರಮಟ್ಟಿಗೆ ಕೆಲಸ ಮಾಡೀತು? ಸ್ವತಃ ಒಪ್ಪಿಕೊಂಡ ವ್ರತದಲ್ಲಿಯೇ ಮನಸ್ಸು ಕಿಂಡಿ ಹುಡುಕುವುದನ್ನು 12ನೆಯ ಶತಮಾನದ ಗುಜರಾತಿನಲ್ಲಿ ಹೇಮಚಂದ್ರ ಆಚಾರ್ಯರು ಕಂಡಿದ್ದರು. ಅವರ ಯೋಗಶಾಸ್ತ್ರ ಅಂಥ ಉಪಾಯಗಳನ್ನು ಗುರುತಿಸುತ್ತದೆ. ಎರಡು ಹೊಲಗಳ ನಡುವಣ ಬದುವನ್ನು ಕಿತ್ತು ಒಂದೇ ಹೊಲವೆಂದು ಎಣಿಸುವುದು. ಮಿತಿಮೀರಿದ ಚಿನ್ನವನ್ನು ವ್ರತದ ಅವಧಿ ಮುಗಿಯುವವರೆಗೆ ಇನ್ನೊಬ್ಬರ ಬಳಿ ಇರಿಸುವುದು. ಧಾನ್ಯವನ್ನು ಈಗಲೇ ಕಾದಿರಿಸಿ ಅವಧಿ ಕಳೆದ ಮೇಲೆ ಮನೆಗೆ ತರಿಸುವುದು. ಲೆಕ್ಕ ಸರಿಯಾಗಿದೆ, ವ್ರತ ಸೋರಿಹೋಗಿದೆ. ಇಂದು ಮುಂಗಡ ಕೊಟ್ಟು, ಕಾರು ಮನೆಗೆ ಬರುವ ಮುನ್ನವೇ ಕಾದಿರಿಸಿದ ಹಕ್ಕನ್ನು ಬೇರೊಬ್ಬರಿಗೆ ಮಾರುವವನು ಆ ಪಟ್ಟಿಗೆ ಮತ್ತೊಂದನ್ನು ಸೇರಿಸಿದ್ದಾನೆ.

ಡೀಲರನ ಪಾಲಿನ ಮಾತನ್ನೂ ಬಿಡುವಂತಿಲ್ಲ. ಕೊಡುವವನು ಒಪ್ಪಿದ್ದಾನೆ, ಪಡೆಯುವವನು ಮುಚ್ಚಿಟ್ಟಿಲ್ಲ, ಇದನ್ನು ಚೌರ್ಯವೆನ್ನಲಾಗದು. ಆದರೆ ಶ್ರಾವಕನ ಯೋಗ್ಯತೆಗಳಲ್ಲಿ ಮೊದಲನೆಯದಾಗಿ ಆಚಾರ್ಯರು ಎಣಿಸುವುದು ನ್ಯಾಯದಿಂದ ಗಳಿಸಿದ ಸಂಪತ್ತನ್ನು. ಶ್ರಮವನ್ನೂ ಸೇವೆಯನ್ನೂ ಹೆಚ್ಚಿಸದೆ ಇನ್ನೊಬ್ಬನ ಅಸಹನೆಗಷ್ಟೇ ಬೆಲೆ ಕಟ್ಟುವ ಗಳಿಕೆ ಕಾನೂನಿನ ಬಾಗಿಲನ್ನು ದಾಟಿದರೂ ಆ ಮೊದಲ ಮೆಟ್ಟಿಲಲ್ಲಿ ಎಡವುತ್ತದೆ.

ಹೆಚ್ಚುವರಿ ಹಣ ಬೇರೊಂದು ದಾರಿ ಹಿಡಿದ ಪ್ರಸಂಗವೂ ಇದೇ ಲೋಕದಲ್ಲಿ ನಡೆದಿದೆ. ಇಟಲಿಯ ಫೆರಾರಿ ಸಂಸ್ಥೆ ‘ಲಾಫೆರಾರಿ’ ಎಂಬ ಕಾರನ್ನು 499ಕ್ಕೆ ನಿಲ್ಲಿಸುವುದಾಗಿ ಹೇಳಿತ್ತು. 2016ರ ಆಗಸ್ಟ್‌ನಲ್ಲಿ ಮಧ್ಯ ಇಟಲಿಯಲ್ಲಿ ಭೂಕಂಪವಾದಾಗ 500ನೆಯದೊಂದನ್ನು ಕಟ್ಟಿ, ಅದೇ ಡಿಸೆಂಬರಿನಲ್ಲಿ ಅಮೆರಿಕದ ಡೇಟೋನಾದಲ್ಲಿ ಹರಾಜಿಗಿಟ್ಟಿತು. 70 ಲಕ್ಷ ಡಾಲರಿಗೆ ಹೋದ ಆ ಕಾರಿನ ಹಣ ಸಂತ್ರಸ್ತರ ನೆರವಿಗೆ ಸಂದಿತು. ತನ್ನದನ್ನು ಪರರ ಹಿತಕ್ಕಾಗಿ ತೊರೆಯುವುದು ದಾನವೆಂಬ ತತ್ತ್ವಾರ್ಥಸೂತ್ರದ ಅಳತೆಗೆ ಇದು ಪೂರ್ಣವಾಗಿ ಹೊಂದದಿರಬಹುದು, ಕೊಟ್ಟವನಿಗೆ ಕಾರಂತೂ ಸಿಕ್ಕಿತಲ್ಲ. ಆದರೂ ಮೂಲ ಬೆಲೆಯ ಮೇಲಣ ಹಣ ಮನೆ ಕಳೆದುಕೊಂಡವರನ್ನು ತಲುಪಬಲ್ಲದೆಂಬುದನ್ನು ಅದು ತೋರಿಸಿತು.

ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸುವವರು ತಮ್ಮ ಮಿತಿಗಳನ್ನು ಬರೆದಿಟ್ಟುಕೊಳ್ಳುವುದುಂಟು: ಮನೆ ಇಷ್ಟು, ಚಿನ್ನ ಇಷ್ಟು, ವಾಹನ ಎರಡು. ವಾಹನದ ಸಾಲಿನಲ್ಲಿ ಕೇವಲ ಸಂಖ್ಯೆ ಬರೆದರೆ ಹತ್ತು ಪಟ್ಟು ಬೆಲೆಯ ಕಾರೂ ಒಂದೇ ಎಂದು ಲೆಕ್ಕವಾಗುತ್ತದೆ, ಹೇಮಚಂದ್ರರು ಕಂಡ ಬದುವಿಲ್ಲದ ಹೊಲದಂತೆ. ಮುಂದಿನ ದಶಲಕ್ಷಣ ಪರ್ವದಲ್ಲಿ ಲೋಭದಿಂದ ಬಿಡುಗಡೆಯನ್ನು ನೆನೆಯುವ ಉತ್ತಮ ಶೌಚದ ದಿನ ಆ ಹಾಳೆಯನ್ನು ಹೊರತೆಗೆಯುವವರು ಸಂಖ್ಯೆಯ ಪಕ್ಕದಲ್ಲಿ ಕೊಟ್ಟ ಬೆಲೆಯನ್ನೂ, ಅದರಲ್ಲಿ ಎರಡನೆಯ ಚೀಟಿಯ ಪಾಲೆಷ್ಟು ಎಂಬುದನ್ನೂ ಬರೆಯಬಹುದು.