ಬೀಗದ ಕೈ ಯಾರಲ್ಲಿರಬೇಕು?

ಕಲಾ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಹಾರ್ಡ್ ಡಿಸ್ಕಿನ ಮೇಲೆ ಲೇಖನ ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ಯಂತ್ರಗಳ ವಿಷಯದಲ್ಲಿ ನನಗೆ ಯಾವ ಪಾಂಡಿತ್ಯವೂ ಇಲ್ಲ. ಆದರೆ ಈ ವರ್ಷ ನಮ್ಮ ಸಮಾಜಶಾಸ್ತ್ರದ ಕ್ಷೇತ್ರಕಾರ್ಯದಲ್ಲಿ ನಡೆದ ಒಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. ಅದನ್ನು ಕಾಲೇಜಿನವರ ಮುಂದಿಡುವುದು ಯುಕ್ತವೆಂದು ತೋರಿ ಬರೆಯುತ್ತಿದ್ದೇನೆ.

ನಾವು ಮೂವರು ಒಂದು ಹಳ್ಳಿಗೆ ಹೋಗಿ 60 ಮನೆಗಳ ಸಾಲಸೋಲದ ವಿವರ ಬರೆದುಕೊಂಡು ಬಂದೆವು. ಒಂದು ಮನೆಯ ತಾಯಿ ತಮ್ಮ ಓಲೆಯನ್ನು ಗಿರವಿಯಿಟ್ಟದ್ದನ್ನು ಹೇಳಿ, “ನಮ್ ಯಜಮಾನ್ರಿಗೆ ಗೊತ್ತಿಲ್ಲ ಕಣವ್ವ, ಎಲ್ಲೂ ಬಾಯಿ ಬಿಡಬ್ಯಾಡ” ಎಂದರು. “ಇಲ್ಲ ಕಣಮ್ಮ” ಎಂದು ಮಾತು ಕೊಟ್ಟೆ. ಮಾತು ಕೊಟ್ಟವಳೇ ಪ್ರಶ್ನಾವಳಿಯ ಅಂಕಣದಲ್ಲಿ ಅದನ್ನು ಹೆಸರು ಸಮೇತ ಬರೆದೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಪೆನ್ ಡ್ರೈವಿನಲ್ಲಿಟ್ಟುಕೊಂಡು, ಪ್ರಬಂಧದ ನಾಲ್ಕು ಪುಟ ಅಚ್ಚುಮಾಡಿಸಲು ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಗೆ ಹೋದೆ. ಬಸ್ಸು ಹೊರಡುವ ಗಡಿಬಿಡಿಯಲ್ಲಿ ಪೆನ್ ಡ್ರೈವು ಅಲ್ಲಿಯೇ ಉಳಿಯಿತು. ಮರುದಿನ ಅಂಗಡಿಯವರು ಅದನ್ನು ಡ್ರಾಯರಿನಿಂದ ತೆಗೆದು ನಗುತ್ತಲೇ ಕೊಟ್ಟರು. ಅವರನ್ನು ದೂರುವಂತಿಲ್ಲ. ಆದರೆ ಆ ಒಂದು ರಾತ್ರಿ ಅದನ್ನು ಯಾರಾದರೂ ತೆರೆದು ನೋಡಿದರೇ ಎಂದು ತಿಳಿಯುವ ಉಪಾಯ ಇಂದಿಗೂ ನನಗಿಲ್ಲ.

ಈ ಸಂಗತಿಯನ್ನು ನಮ್ಮ ಅಧ್ಯಾಪಕರಲ್ಲಿ ಒಪ್ಪಿಕೊಂಡಾಗ ಅವರು ಬೈಯಲಿಲ್ಲ. ಒಂದು ತಿಂಗಳಾದ ಮೇಲೆ ವಿಭಾಗಕ್ಕೆ ಒಂದು ಡಬ್ಬಿಯನ್ನು ತರಿಸಿ ನಮ್ಮ ಕೈಗಿತ್ತರು. ಅಂಗೈಯಗಲದ ಲೋಹದ ಡಬ್ಬಿ; ಮೇಲೆ ಅಂಕಿಗಳ ಗುಂಡಿಗಳು. ಒಳಗೆ ಸಾಮಾನ್ಯವಾದ ಎರಡೂವರೆ ಅಂಗುಲದ ಹಾರ್ಡ್ ಡಿಸ್ಕನ್ನು ಕೂರಿಸಬೇಕು. ಡಿಸ್ಕಿಗೂ ಯು.ಎಸ್.ಬಿ. ತಂತಿಗೂ ನಡುವೆ ಒಂದು ಚಿಪ್ಪು ಕುಳಿತಿದೆ. ಒಳಗೆ ಹೋಗುವ ಪ್ರತಿಯೊಂದು ಅಕ್ಷರವನ್ನೂ ಅದು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ, ಹೊರಗೆ ಬರುವಾಗ ಮತ್ತೆ ಬಿಡಿಸಿ ಕೊಡುತ್ತದೆ. ಆ ಲಿಪಿಯ ಹೆಸರು ಎ.ಇ.ಎಸ್.; ಬೆಲ್ಜಿಯಮ್ಮಿನ ಇಬ್ಬರು, ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬವರು, ರಚಿಸಿದ್ದು; 2001ರಲ್ಲಿ ಅಮೆರಿಕ ಸರ್ಕಾರ ತನ್ನ ಪ್ರಮಾಣವಾಗಿ ಸ್ವೀಕರಿಸಿತು. ಹಣವಿಲ್ಲದವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವೂ ಉಂಟು. ಆದರೆ ಅದನ್ನು ಓಡಿಸಲು ಕಂಪ್ಯೂಟರಿನ ಯಜಮಾನಿಕೆ ಬೇಕು. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ವಿದ್ಯಾರ್ಥಿಗಳಿಗೆ ಅದಿಲ್ಲ. ಡಬ್ಬಿಗೆ ಯಾವ ತಂತ್ರಾಂಶವೂ ಬೇಡ. ಗುಂಡಿಯೊತ್ತಿ ಪಿನ್ ಕೊಟ್ಟರೆ ತೆರೆಯಿತು, ತಂತಿ ಕಿತ್ತರೆ ಮುಚ್ಚಿತು.

ಜೋಡಿಸುವ ಕೆಲಸ ನನಗೇ ಬಂತು. ನಾಲ್ಕು ತಿರುಪು ಬಿಚ್ಚಿ, ಡಿಸ್ಕನ್ನು ಅದರ ಹಲ್ಲಿಗೆ ಒತ್ತಿ ಕೂರಿಸಿ, ಮತ್ತೆ ಬಿಗಿದರೆ ಮುಗಿಯಿತು. ನಮ್ಮ ಮನೆಯ ಟಾರ್ಚಿಗೆ ಸೆಲ್ಲು ಹಾಕುವುದಕ್ಕಿಂತ ಹೆಚ್ಚಿನ ಕಷ್ಟವಿಲ್ಲ. ಕಾರ್ಖಾನೆಯವರು ಇಟ್ಟ ಪಿನ್ನನ್ನು ಮೊದಲು ಬದಲಾಯಿಸಬೇಕು. ಹಾಗೆ ಮಾಡಿ ಕಂಪ್ಯೂಟರಿಗೆ ಸಿಕ್ಕಿಸಿದೆ. “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿತು! ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ನಾನು ಹಾಕಿದ್ದು ಹೊಸ ಡಿಸ್ಕಲ್ಲ. ಹಿಂದಿನ ವರ್ಷದವರ ಸಮೀಕ್ಷೆ ತುಂಬಿದ್ದ ಹಳೆಯ ಡಿಸ್ಕು. ತೆರೆದ ಅಕ್ಷರದಲ್ಲಿ ಬರೆದದ್ದನ್ನು ಚಿಪ್ಪು ಗೂಢಲಿಪಿಯೆಂದೇ ತಿಳಿದು ಬಿಡಿಸಹೋಗುತ್ತದೆ, ಹಾಗಾಗಿ ಎಲ್ಲವೂ ಕಲಸುಮೇಲೋಗರವಾಗಿ ಕಾಣುತ್ತದೆ. ದೈವವಶಾತ್ ‘ಹೌದು’ ಎಂದು ಒತ್ತಲಿಲ್ಲ. ಹೊರತೆಗೆದು ಸಾಧಾರಣ ತಂತಿಗೆ ಸಿಕ್ಕಿಸಿದಾಗ ಎಲ್ಲವೂ ಇದ್ದ ಹಾಗೆಯೇ ಇತ್ತು. ಅದನ್ನು ಬೇರೆ ಕಡೆಗೆ ನಕಲು ಮಾಡಿಟ್ಟುಕೊಂಡು, ಆ ಮೇಲೆ ಡಬ್ಬಿಯಲ್ಲಿ ಫಾರ್ಮ್ಯಾಟ್ ಮಾಡಿದೆ. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಓದಲು ಬರಲೆಂದು ಎಕ್ಸ್-ಫ್ಯಾಟ್ ಎಂಬ ಕ್ರಮವನ್ನು ಆರಿಸಿದೆ.

ಹಿರಿಯರೊಬ್ಬರು, “ನಮ್ಮಲ್ಲಿ ಕದಿಯುವಂಥದ್ದು ಏನಿದೆಯಮ್ಮ?” ಎಂದು ಕೇಳಿದರು. ನಮ್ಮಲ್ಲಿ ಏನೂ ಇಲ್ಲ, ನಿಜ. ನಾವು ಹೊತ್ತು ತಿರುಗುತ್ತಿರುವುದು ಪರರದ್ದು. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಕಂದಾಯ ಇಲಾಖೆಯವರು, ಮಕ್ಕಳ ಭತ್ಯೆಗೆ ಸಂಬಂಧಪಟ್ಟ ಸುಮಾರು 2 ಕೋಟಿ 50 ಲಕ್ಷ ಜನರ ವಿವರವನ್ನು ಎರಡು ಡಿಸ್ಕುಗಳಲ್ಲಿ ತುಂಬಿ ಟಪಾಲಿಗೆ ಹಾಕಿದರು. ಪಾಸ್‌ವರ್ಡ್ ಇತ್ತು, ಗೂಢಲಿಪಿ ಇರಲಿಲ್ಲ. ಡಿಸ್ಕುಗಳು ತಲುಪಲಿಲ್ಲ, ಇಲಾಖೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಗೂಢಲಿಪಿ ಎಂದು ಬರೆದಿದ್ದರೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. ಅಮೆರಿಕ ಸರ್ಕಾರದ ಪ್ರಮಾಣಪತ್ರ ಪಡೆದಿದ್ದ ಕೆಲವು ಪೆನ್ ಡ್ರೈವುಗಳ ಹುಳುಕು 2010ರ ಜನವರಿಯಲ್ಲಿ ಬಯಲಾಯಿತು. ಅವುಗಳಲ್ಲಿ ಪಾಸ್‌ವರ್ಡನ್ನು ಪರೀಕ್ಷಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟಿದ್ದರು. ಸರಿಯೆಂದೊಡನೆ ಡ್ರೈವಿಗೆ ಹೋಗುತ್ತಿದ್ದ ಸಂಕೇತವು ಯಾವಾಗಲೂ ಒಂದೇ. ಜರ್ಮನಿಯ ಪರೀಕ್ಷಕರು ಆ ಸಂಕೇತವನ್ನೇ ಕಳುಹಿಸಿ ಬಾಗಿಲು ತೆಗೆದರು. ಗುಂಡಿಗಳು ಡಬ್ಬಿಯ ಮೇಲೆಯೇ ಇರಬೇಕೆಂದು ನಮ್ಮ ಅಧ್ಯಾಪಕರು ಹಟ ಹಿಡಿದದ್ದು ಇದಕ್ಕಾಗಿ.

ಆದರೆ ನಾನು ಹೇಳಬೇಕೆಂದಿರುವುದು ಬೀಗಕ್ಕಿಂತ ಬೀಗದ ಕೈಯ ವಿಷಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಕ್ಷರ ಬಲ್ಲವಳೆಂದು ಕೇರಿಯವರೆಲ್ಲರ ಪಾಸ್‌ಬುಕ್ಕು, ನೋಟೀಸು ನನ್ನ ಕೈಗೇ ಬರುತ್ತವೆ. ಅವರ ಗುಟ್ಟು ನನಗೆ ತಿಳಿಯುತ್ತದೆ. ನನ್ನಿಂದ ಮುಂದಕ್ಕೆ ಹೋಗಲಾರದೆಂಬ ನಂಬಿಕೆಯ ಮೇಲೆಯೇ ತರುತ್ತಾರೆ. ನಮ್ಮವ್ವ ಟ್ರಂಕಿನ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ; ಇನ್ನೊಂದು ಅಜ್ಜಿಯ ಹತ್ತಿರ. ನಾವು ಪದವೀಧರರಾಗುವವರು ಮಾಡಿದ್ದೇನು? ಒಬ್ಬ ಗೆಳೆಯ ಪಿನ್ನನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಬೆನ್ನಿಗೇ ಅಂಟಿಸಿದ. ಅದನ್ನು ಕಿತ್ತುಹಾಕಿದ ಮೇಲೆ ನಾನೊಬ್ಬಳೇ ನೆನಪಿನಲ್ಲಿಟ್ಟುಕೊಂಡೆ. ಇದೂ ಅಷ್ಟೇ ದೊಡ್ಡ ತಪ್ಪು. ಗೊತ್ತಾದಷ್ಟು ಸಲ ತಪ್ಪು ಪಿನ್ ಒತ್ತಿದರೆ ಡಬ್ಬಿ ತನ್ನೊಳಗಿನ ಕೀಲಿಯನ್ನೇ ಅಳಿಸಿಬಿಡುತ್ತದೆ. ಆ ಮೇಲೆ ಮಾಡಿದವರೂ ತೆರೆಯಲಾರರು. ಚಿಪ್ಪು ಕೆಟ್ಟರೂ ಅದೇ ಗತಿ. ಡಿಸ್ಕನ್ನು ಬೇರೆ ಡಬ್ಬಿಗೆ ಹಾಕಿದರೆ ಸಿಗುವುದು ಬರಿಯ ಗೊಂದಲ. ನಾನು ಜೂನ್ ತಿಂಗಳಲ್ಲಿ ಕಾಲೇಜು ಬಿಟ್ಟು ಹೋದರೆ 60 ಮನೆಯವರು ಹೇಳಿದ ಮಾತು ಬೀರುವಿನಲ್ಲಿ ಕಬ್ಬಿಣದ ತುಂಡಾಗಿ ಬಿದ್ದಿರುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟು. ಪಿನ್ ಇಬ್ಬರಿಗೆ ಗೊತ್ತಿರಲಿ, ಅವರಲ್ಲಿ ಒಬ್ಬರು ಅಧ್ಯಾಪಕರಾಗಿರಲಿ. ಮೂರನೆಯ ಪ್ರತಿ ಅರಗಿನ ಮುದ್ರೆಯ ಲಕೋಟೆಯಲ್ಲಿ ಪ್ರಾಂಶುಪಾಲರ ಬೀರುವಿನಲ್ಲಿರಲಿ. ವಿದ್ಯಾರ್ಥಿಸಂಘದ ಹಣದಿಂದ ಎರಡನೆಯ ಡಬ್ಬಿಯನ್ನು ಕೊಂಡು ಅದರಲ್ಲಿ ನಕಲು ಇಡಲಿ. ತೆರೆದ ಡಬ್ಬಿಗೆ ಬೀಗವೇ ಇಲ್ಲವೆಂಬುದೂ ನೆನಪಿರಲಿ: ಝೆರಾಕ್ಸ್ ಅಂಗಡಿಯಲ್ಲಿ ಪಿನ್ ಒತ್ತಿದರೆ ಅಲ್ಲಿಯ ಕಂಪ್ಯೂಟರು ಬೇಕಾದ್ದನ್ನೆಲ್ಲ ಓದಬಹುದು. ಅಲ್ಲಿಗೆ ಅಚ್ಚಾಗಬೇಕಾದ ಪುಟ ಮಾತ್ರ ಹೋಗಲಿ. ಹೆಸರುಗಳ ಪಟ್ಟಿಯನ್ನು ಉತ್ತರಗಳಿಂದ ಬೇರ್ಪಡಿಸಿ ಮನೆಗೆ ಸಂಖ್ಯೆ ಮಾತ್ರ ಕೊಡುವ ಕೆಲಸವನ್ನು ನಾನು ಈಗ ಮಾಡಿ ಮುಗಿಸಿದ್ದೇನೆ. ಮೊದಲ ದಿನವೇ ಮಾಡಬೇಕಿತ್ತು. ಓಲೆಯ ಮನೆ ಈಗ 37.

ಪರೀಕ್ಷೆಗೆ ಮುಂಚೆ ಎರಡನೆಯ ವರ್ಷದವರಲ್ಲಿ ಯಾರಾದರೂ ಬಂದರೆ ಎಲ್ಲವನ್ನೂ ತೋರಿಸಿಕೊಡುತ್ತೇನೆ. ತಿರುಪುಳಿ ವಿಭಾಗದ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ.