ಟಕ್ ಟಕ್ ಸದ್ದಿಗೆ ಕಿವಿಗೊಡಿ



ಮಿಕ್ಸಿಯ ಸದ್ದು ಸ್ವಲ್ಪ ಬದಲಾದರೂ ನಿಮಗೆ ಹಜಾರದಲ್ಲಿ ಕುಳಿತಲ್ಲಿಂದಲೇ ಗೊತ್ತಾಗುತ್ತದೆ. ಕುಕ್ಕರ್ ಸೀಟಿ ಹೊಡೆಯದಿದ್ದರೆ ಗ್ಯಾಸ್ಕೆಟ್ ಸವೆದಿದೆ ಎಂದು ಹೇಳಬಲ್ಲಿರಿ. ಆದರೆ ಮನೆ ಮುಂದಿನ ಕಾರಿನ ಸದ್ದು ಬದಲಾದರೆ? 'ಅದು ಗಂಡಸರ ವಿಷಯ' ಎಂದು ಸುಮ್ಮನಾಗುತ್ತೇವೆ. ಖರ್ಚು ಬಂದ ದಿನ ಅದು ಇಡೀ ಮನೆಯ ವಿಷಯವಾಗುತ್ತದೆ.

ನಮ್ಮ ದೇವರಾಜ ಅರಸು ಬಡಾವಣೆಯ ಸಹೋದರಿಯೊಬ್ಬರ ಮನೆಯಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಹಿಂದೂಸ್ತಾನ್ ಮೋಟರ್ಸ್ 2014ರಲ್ಲೇ ಈ ಕಾರಿನ ತಯಾರಿಕೆ ನಿಲ್ಲಿಸಿತು. ಆದರೂ ಅದರ ಡಿಕ್ಕಿಯಲ್ಲಿ ಬಟ್ಟೆಯ ಗಂಟು ಹೇರಿಕೊಂಡು ಅವರ ಯಜಮಾನರು ಹರಿಹರ, ಮಲೇಬೆನ್ನೂರು, ಹೊನ್ನಾಳಿಯ ಸಂತೆಗಳಿಗೆ ಹೋಗುತ್ತಾರೆ. ಮನೆಯ ಅನ್ನ ಅದರಿಂದಲೇ. ಒಂದು ಸಂಜೆ ಆಕೆ ಬಂದು, "ಟೀಚರ್ ಆಪಾ, ಕಾರಿನಲ್ಲಿ ಟಕ್ ಟಕ್ ಸದ್ದು. ಎಂಜಿನ್ ಪೂರ್ತಿ ಬಿಚ್ಚಬೇಕು ಅಂತಾರೆ. ಮಗಳ ಕಾಲೇಜು ಫೀಸಿನ ಹಣವನ್ನೇ ಕೊಡಬೇಕಾಗುತ್ತೆ" ಎಂದು ಕಣ್ಣೀರಿಟ್ಟರು.

ಬೇರೊಬ್ಬರಿಗೂ ಒಮ್ಮೆ ತೋರಿಸಿ ಎಂದೆ. ಪಿ.ಬಿ. ರಸ್ತೆಯ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆವು. ಮದರಸದಲ್ಲಿ ಪಾಠ ಹೇಳುವವರನ್ನು ನಾವು ಉಸ್ತಾದ್ ಎನ್ನುತ್ತೇವೆ. ಗ್ಯಾರೇಜಿನ ಹುಡುಗರಿಗೆ ಅವರೇ ಉಸ್ತಾದ್. ನನಗೂ ಅಂದು ಅವರಿಂದ ಒಂದು ಪಾಠವಾಯಿತು.

ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಬರಲು, ಹೊಗೆ ಹೊರಹೋಗಲು ವಾಲ್ವ್ ಎಂಬ ಪುಟ್ಟ ಬಾಗಿಲುಗಳಿವೆ. ಈ ಕಾರಿನಲ್ಲಿ ಎಂಟು. ಎಂಜಿನ್ನಿನ ಒಳಗೆ ಕೆಳಭಾಗದಲ್ಲಿ ಉಬ್ಬುಗಳಿರುವ ಒಂದು ದಂಡ ತಿರುಗುತ್ತದೆ. ಅದು ಕ್ಯಾಮ್ ಶಾಫ್ಟ್. ಪ್ರತಿ ಉಬ್ಬಿನ ಮೇಲೂ ಮುಚ್ಚಳವಿಲ್ಲದ ಡಬ್ಬಿಯಂಥ ಒಂದು ಟ್ಯಾಪೆಟ್ ಕುಳಿತಿರುತ್ತದೆ. ಉಬ್ಬು ಅದನ್ನು ಎತ್ತಿದಾಗ ಅದರೊಳಗೆ ನಿಂತ ಕಡ್ಡಿ ಮೇಲಕ್ಕೆ ತಳ್ಳಿ ವಾಲ್ವ್ ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಟ್ಯಾಪೆಟ್ 1500 ಸಲ, ಅಂದರೆ ಸೆಕೆಂಡಿಗೆ 25 ಸಲ ಏಳುತ್ತದೆ! ಈ ಉಜ್ಜಾಟದಿಂದ ಅದನ್ನು ಕಾಪಾಡುವುದು ಎಣ್ಣೆಯ ತೆಳುವಾದ ಪದರ ಮಾತ್ರ.

ಉಸ್ತಾದರು ಮೊದಲು ಕಡ್ಡಿ ಅದ್ದಿ ಆಯಿಲ್ ನೋಡಿದರು. ಮಟ್ಟ ಕೆಳಗಿತ್ತು, ಬಣ್ಣ ಡಾಂಬರಿನಂತಿತ್ತು. "ಭಾಯಿ, ಆಯಿಲ್ ಬದಲಿಸಿ ಎಷ್ಟು ದಿನವಾಯಿತು?" ಎಂದು ಕೇಳಿದರು. ಯಜಮಾನರು ತಲೆ ತಗ್ಗಿಸಿದರು. ಹಣ ಉಳಿಸಲೆಂದು ಎರಡು ಸಲ ಮುಂದೂಡಿದ್ದರಂತೆ.

ನಂತರ ಫೀಲರ್ ಗೇಜಿನಿಂದ ಸಂದು ಅಳೆದು ಟ್ಯಾಪೆಟ್ ಸೆಟ್ಟಿಂಗ್ ಮಾಡಿಕೊಟ್ಟರು. ವಾರದಲ್ಲೇ ಸದ್ದು ಮರಳಿತು. ಸಂದು ಮತ್ತೆ ಹಿಗ್ಗಿತ್ತು. ಏನೋ ಸವೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಆಗ ರಾಕರ್ ತೆಗೆದು, ಕಡ್ಡಿಗಳನ್ನು ಕ್ರಮ ತಪ್ಪದಂತೆ ಜೋಡಿಸಿಟ್ಟು, ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಟ್ಯಾಪೆಟ್‌ಗಳನ್ನು ಹೊರತೆಗೆದರು. ತಳ ಕನ್ನಡಿಯಂತೆ ನುಣುಪಾಗಿರಬೇಕು. ಎರಡರ ತಳದಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿದ್ದವು. ಪುಣ್ಯಕ್ಕೆ ಕ್ಯಾಮಿನ ಉಬ್ಬುಗಳು ಚೆನ್ನಾಗಿದ್ದವು. ಅವೂ ಸವೆದಿದ್ದರೆ ಕ್ಯಾಮ್ ಶಾಫ್ಟನ್ನೇ ಬದಲಿಸಬೇಕಾಗಿ, ಖರ್ಚು ಹಲವು ಪಟ್ಟಾಗುತ್ತಿತ್ತು.

"ಲೇತಿನಲ್ಲಿ ಉಜ್ಜಿಸಿದರೆ ಆಗದೇ?" ಎಂದರು ಯಜಮಾನರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಹರಿಹರ ನಮ್ಮ ಪಕ್ಕದಲ್ಲೇ ಇದೆ. ಲೇತಿನಲ್ಲಿ ಆಗದ ಕೆಲಸವಿಲ್ಲ ಎಂಬುದು ಈ ಕಡೆಯವರ ನಂಬಿಕೆ. ಉಸ್ತಾದರು ಒಪ್ಪಲಿಲ್ಲ. ಟ್ಯಾಪೆಟ್ಟಿನ ತಳವನ್ನು ಗಟ್ಟಿಗೊಳಿಸಿರುತ್ತಾರೆ. ಆ ಪದರ ಉಜ್ಜಿಹೋದರೆ ಮತ್ತೆ ಬೇಗ ಸವೆದು ಕ್ಯಾಮನ್ನೂ ತಿನ್ನುತ್ತದೆ. ಎಂಟನ್ನೂ ಹೊಸದು ಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದರು. ಫೀಸಿನ ಹಣದಲ್ಲಿ ಸ್ವಲ್ಪ ಹೋಯಿತು, ಬಹುಪಾಲು ಉಳಿಯಿತು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ.

ಸಹೋದರಿಯರೇ, ಇಂಥ ಹಳೆಯ ಎಂಜಿನ್ನಿನಲ್ಲಿ ಸಣ್ಣ ಟಿಕ್ ಟಿಕ್ ಇರುವುದೇ ಸರಿ. ಸದ್ದೇ ಬೇಡವೆಂದು ಸಂದು ಪೂರ್ತಿ ಬಿಗಿಸಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದು ಏರುತ್ತಾ ಹೋದರೆ ಮಾತ್ರ ತೋರಿಸಿ. ಕೆಳಗಿನಿಂದ ಗಡುಸಾದ ಧಡ್ ಧಡ್ ಕೇಳಿದರೆ ಓಡಿಸಲೇಬೇಡಿ, ಅದು ಬೇರೆಯೇ ಕಾಯಿಲೆ. ಕೆಲವು ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಸಂದು ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುತ್ತದೆ. ಅಲ್ಲಿ ಕೊಳಕು ಎಣ್ಣೆಯೇ ಸದ್ದಿಗೆ ಕಾರಣವಾಗಿರಬಹುದು. ಎಂಜಿನ್ ಬಿಚ್ಚಬೇಕು ಎಂದರೆ, 'ಆಯಿಲ್ ನೋಡಿದಿರಾ? ಸಂದು ಅಳೆದಿರಾ? ಸವೆದದ್ದನ್ನು ತೋರಿಸುತ್ತೀರಾ?' ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಒಳ್ಳೆಯ ಕೆಲಸಗಾರ ಬೇಸರಿಸುವುದೂ ಇಲ್ಲ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆಯಿಲ್ ಬದಲಿಸಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಬರೆದಿಡಿ. ಆ ಸಹೋದರಿ ಈಗ ಬರೆಯುತ್ತಿದ್ದಾರೆ. ಮರೆತರೆ ಯಜಮಾನರೇ ನೆನಪಿಸುತ್ತಾರಂತೆ!